ಆ ಹಾಡನ್ನು ಅರ್ಧಕ್ಕೆ ನಿಲ್ಲಿಸಿದವರಿಗೆ

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಬರೆದು ಮುಗಿಸಿದರೆ ಇಳಿಯಬಹುದು.

ಗೆಳತಿಯ ಮನೆ ತಾರಸಿ. ಹತ್ತು ಹನ್ನೆರಡು ಜನ ಇದ್ದೆವು. ಊಟ ಮುಗಿದು ಎಲೆ ಅಡಿಕೆ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬರು ಒಂದೊಂದು ಇಷ್ಟದ ಹಾಡು ಹಾಕಬೇಕು ಅಂತ ಮಾತಾಯಿತು. ನನ್ನ ಸರದಿ ಬಂತು. ನಾನು ಜೇಡ್ ಥರ್ಲ್‌ವಾಲ್ ಹಾಡಿದ 'ಏಂಜೆಲ್ ಆಫ್ ಮೈ ಡ್ರೀಮ್ಸ್' ಹಾಕಿದೆ. ಶುರುವಿನಲ್ಲಿ ಎಲ್ಲರೂ ತಲೆದೂಗಿದರು. ಆಮೇಲೆ ಹಾಡು ಒಮ್ಮೆಗೇ ತಿರುಗುತ್ತದಲ್ಲ, ಆ ಗರಗರ ಬೀಟ್ ಬಂತು ನೋಡಿ, ಪಕ್ಕದಲ್ಲಿದ್ದವರೊಬ್ಬರು ಕೈ ಚಾಚಿ ಫೋನ್ ಎತ್ತಿಕೊಂಡರು. "ಏನೋ ಸ್ಕಿಪ್ ಆಯ್ತು ಅನ್ಸುತ್ತೆ" ಅಂದರು. ಸ್ಕಿಪ್ ಆಗಿಲ್ಲ, ಹಾಡೇ ಹಾಗಿದೆ ಅಂದೆ. "ಅಯ್ಯೋ, ಮೂರು ಹಾಡು ತಂದು ಒಂದಕ್ಕೊಂದು ಹೊಲಿದ ಹಾಗಿದೆಯಲ್ಲ" ಅಂತ ನಿಲ್ಲಿಸಿ ಬೇರೆ ಏನೋ ಹಾಕಿದರು. ಒಂದು ನಿಮಿಷ ಆಗಿತ್ತೋ ಇಲ್ಲವೋ.

ಯಾವ ಜಾಗದಲ್ಲಿ ಹಾಡು ನಿಜವಾಗಿ ಬಾಯಿ ಬಿಡುತ್ತದೋ ಅದೇ ಜಾಗದಲ್ಲಿ ನಿಲ್ಲಿಸಿಬಿಟ್ಟರು.

ನಾನು ಒಂಬತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದವಳು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಇದು ನನಗೆ ಸುಮ್ನೆ ಒಂದು ಇಂಗ್ಲಿಷ್ ಪಾಪ್ ಹಾಡಿನ ವಿಷಯ ಅಲ್ಲ. ಹೇಳ್ತಾ ಹೋಗುತ್ತೇನೆ.

ಜೇಡ್ ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಅನ್ನುವ ಕಡಲ ಊರಿನ ಹುಡುಗಿ. 'ದಿ ಎಕ್ಸ್ ಫ್ಯಾಕ್ಟರ್' ಅನ್ನುವ ಟಿವಿ ಹಾಡಿನ ಸ್ಪರ್ಧೆಗೆ 2008ರಲ್ಲಿ ಹೋದಳು, ಆಗ ಅವಳಿಗೆ ಹದಿನೈದು. ಆಗಲಿಲ್ಲ. 2010ರಲ್ಲಿ ಮತ್ತೆ ಹೋದಳು. ಆಗಲೂ ಇಲ್ಲ. 2011ರಲ್ಲಿ ಮೂರನೇ ಸಲ. ಬೇರೆ ಬೇರೆಯಾಗಿ ಬಂದಿದ್ದ ನಾಲ್ಕು ಹುಡುಗಿಯರನ್ನು ಅಲ್ಲೇ ಸೇರಿಸಿ ಒಂದು ಗುಂಪು ಮಾಡಿದರು. ಅದೇ ಲಿಟಲ್ ಮಿಕ್ಸ್. ಆ ಕಾರ್ಯಕ್ರಮದ ಇಂಗ್ಲೆಂಡಿನ ಇತಿಹಾಸದಲ್ಲಿ ಗೆದ್ದ ಮೊದಲ ಗುಂಪು ಇವರದು. ಗೆದ್ದ ಮೇಲೆ ಮೊದಲು ಹಾಡಿದ್ದು ಯಾರ ಹಾಡು ಗೊತ್ತಾ? ಐರ್ಲೆಂಡಿನ ಡೇಮಿಯನ್ ರೈಸ್ ಎಷ್ಟೋ ವರ್ಷ ಮೊದಲೇ ಹಾಡಿದ್ದ ಹಾಡು. ಗೆದ್ದವರು ಅವರೇ. ಆದರೂ ಮೊದಲ ಹಾಡು ಅವರದಲ್ಲ.

ಆಮೇಲಿನದು ದೊಡ್ಡ ಗೆಲುವೇ, ಇಲ್ಲ ಅನ್ನುವುದಿಲ್ಲ. ಆರು ಆಲ್ಬಮ್. 2021ರಲ್ಲಿ ಬ್ರಿಟ್ ಪ್ರಶಸ್ತಿಯಲ್ಲಿ, ಅಂದರೆ ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಲ್ಲಿ, ಅತ್ಯುತ್ತಮ ಗುಂಪು ಅಂತ ಗೆದ್ದರು. ಹೆಣ್ಣುಮಕ್ಕಳ ಗುಂಪಿಗೆ ಅದು ಸಿಕ್ಕಿದ್ದು ಅದೇ ಮೊದಲ ಸಲ. ಅಷ್ಟರಲ್ಲಿ ನಾಲ್ವರಲ್ಲಿ ಒಬ್ಬಳಾದ ಜೆಸಿ ನೆಲ್ಸನ್ ಗುಂಪು ಬಿಟ್ಟಿದ್ದಳು. ಉಳಿದ ಮೂವರು 2022ರ ಮೇ ತಿಂಗಳಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ವಿರಾಮ ಅಂದರು. ಜಗಳ ಇಲ್ಲ, ಬೈದಾಟ ಇಲ್ಲ. ಉಳಿದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಹಾಡು ತಂದರು. ಎಲ್ಲರಿಗಿಂತ ಕೊನೆಗೆ ಬಂದವಳು ಜೇಡ್. 2024ರ ಜುಲೈ 19. ತಂದದ್ದು ಈ ಹಾಡು.

ಈಗ ಆ ಹಾಡಿನ ಒಳಗೆ ಬನ್ನಿ. ದಯವಿಟ್ಟು ಫೋನ್ ಮುಟ್ಟಬೇಡಿ.

ಶುರುವಿನಲ್ಲಿ ಕೇಳಿಸುವುದು ಜೇಡ್ ದನಿ ಅಲ್ಲವೇ ಅಲ್ಲ. ಸ್ಯಾಂಡಿ ಶಾ ಅನ್ನುವ ಗಾಯಕಿಯ ಹಳೆಯ ರೆಕಾರ್ಡು, 'ಪಪೆಟ್ ಆನ್ ಎ ಸ್ಟ್ರಿಂಗ್'. ದಾರಕ್ಕೆ ಕಟ್ಟಿದ ಗೊಂಬೆ. 1967ರಲ್ಲಿ ವಿಯೆನ್ನಾದಲ್ಲಿ ನಡೆದ ಯುರೋವಿಷನ್ ಅನ್ನುವ, ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯನ್ನು ಬ್ರಿಟನ್‌ಗೆ ಮೊದಲ ಸಲ ಗೆದ್ದುಕೊಟ್ಟ ಹಾಡು ಅದು. ಸ್ಯಾಂಡಿ ಶಾ ಬರಿಗಾಲಲ್ಲಿ ನಿಂತು ಹಾಡಿದ್ದಳು. ಆದರೆ ಆ ಹಾಡು ಅವಳಿಗೆ ಒಂಚೂರೂ ಇಷ್ಟ ಇರಲಿಲ್ಲ! ಐದು ಹಾಡು ಹಾಡಿಸಿ ಜನರ ಓಟು ಕೇಳಿದಾಗ, ಅವಳಿಗೆ ಯಾವುದು ಬೇಡವಾಗಿತ್ತೋ ಅದನ್ನೇ ಜನ ಆರಿಸಿದರು. ಆಮೇಲೆ ಜೀವನಪೂರ್ತಿ ಆ ಹಾಡು ಅವಳ ಹೆಸರಿಗೆ ಅಂಟಿಕೊಂಡಿತು. ಹಾಡಿನ ಮೇಲಿನ ಸಿಟ್ಟನ್ನು ಅವಳೂ ಬಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿಕೊಂಡಳು.

ಜೇಡ್ ತನ್ನ ಒಂಟಿ ಪಯಣದ ಬಾಗಿಲು ತೆಗೆದದ್ದು ಈ ದನಿಯಿಂದ. ಟಿವಿ ಸ್ಪರ್ಧೆ, ಓಟು, ಗೆಲುವು, ದಾರ, ಗೊಂಬೆ. ಎಲ್ಲ ಇದೆ ಅಲ್ಲಿ. ಅವಳು ಇನ್ನೂ ಬಾಯೇ ತೆರೆದಿಲ್ಲ, ಅಷ್ಟರಲ್ಲಿ ಅರ್ಧ ಕಥೆ ಹೇಳಿ ಆಗಿದೆ.

ಆಮೇಲೆ ಅವಳ ದನಿ ಬರುತ್ತದೆ. ಎತ್ತರದಲ್ಲಿ, ನಿಧಾನಕ್ಕೆ, ದೇವರ ಮುಂದೆ ನಿಂತು ಬೇಡಿಕೊಂಡ ಹಾಗೆ. ನೀನಿಲ್ಲದೆ ಇರಲಾರೆ, ನಿನ್ನನ್ನು ಕಂಡರೆ ಆಗುವುದೂ ಇಲ್ಲ. ಯಾರೋ ಹುಡುಗನಿಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಹುಡುಗ ಅಲ್ಲ. ಹಾಡಿನ ಉದ್ಯಮಕ್ಕೆ ಹೇಳುತ್ತಿದ್ದಾಳೆ. ಅಷ್ಟರಲ್ಲಿ ನೆಲ ಕುಸಿದ ಹಾಗೆ ಆ ಬೀಟ್ ಬರುತ್ತದೆ. ದನಿ ಕೆಳಗಿಳಿಯುತ್ತದೆ, ಮಾತಿನ ಹಾಗೆ ಆಗುತ್ತದೆ, ಹಲ್ಲು ಕಚ್ಚಿಕೊಂಡು ಹೇಳಿದ ಹಾಗೆ. ಅಲ್ಲಿ 'ಸೈಕೋ', ಅಂದರೆ ತಲೆಕೆಟ್ಟವರು, ಅಂತ ಒಂದು ಪದ ಬರುತ್ತದೆ. ಲಿಟಲ್ ಮಿಕ್ಸ್ 2018ರವರೆಗೆ ಇದ್ದ ರೆಕಾರ್ಡ್ ಕಂಪನಿಯ ಹೆಸರೂ ಸೈಕೋನೇ. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ಪೆಲ್ಲಿಂಗ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಪದ. ಅವಳ ಕಥೆ ಗೊತ್ತಿದ್ದವರಿಗೆ ಅಲ್ಲಿ ಬೆನ್ನಲ್ಲಿ ಚಳುಕು ಬರುತ್ತದೆ.

ಈಗ ಹೇಳಿ, ಇದನ್ನು ಒಂದೇ ಲಯದಲ್ಲಿ ಹಾಡಬೇಕಿತ್ತಾ? ಕನಸು ಮತ್ತು ಕಾಂಟ್ರಾಕ್ಟು ಎರಡಕ್ಕೂ ಒಂದೇ ರಾಗ ಹಾಕಬೇಕಿತ್ತಾ? ಮೂರು ಹಾಡು ಹೊಲಿದ ಹಾಗಿದೆ ಅಂದರಲ್ಲ, ಹೌದು, ಹೊಲಿಗೆ ಕಾಣಿಸುತ್ತದೆ. ಕಾಣಿಸಲಿ ಅಂತಲೇ ಹಾಕಿದ್ದು. ಬದುಕು ಹರಿದಿದ್ದು ಅಲ್ಲೇ.

"ಮೊದಲ ಹಾಡು ಅಂದ್ರೆ ಪರಿಚಯ ಮಾಡಿಕೊಳ್ಳೋದು, ಗುನುಗುವ ಹಾಗೆ ಇರಬೇಕಿತ್ತು" ಅಂತ ನಿನ್ನೆ ಇನ್ನೊಬ್ಬರು ಹೇಳಿದರು. ಮೇಲ್ನೋಟಕ್ಕೆ ಸರಿ ಅನಿಸುವ ಮಾತು. ಆದರೆ ಯಾರಿಗೆ ಪರಿಚಯ? ಹನ್ನೊಂದು ವರ್ಷ ಆ ಹುಡುಗಿ ಗುನುಗುವ ಹಾಡನ್ನೇ ಕೊಟ್ಟಿದ್ದಾಳೆ. ಒಂದು ಹಾಡಿನಲ್ಲಿ ನಾಲ್ಕು ಜನ ಸಾಲು ಹಂಚಿಕೊಂಡು, ನಗುತ್ತಾ, ಒಂದೇ ಹೆಜ್ಜೆ ಹಾಕುತ್ತಾ. ಮೊದಲ ಸಲ ಪೂರ್ತಿ ಹಾಡು ಅವಳೊಬ್ಬಳ ಕೈಗೆ ಸಿಕ್ಕಿದೆ. ಆಗಲೂ ನಿಮಗೆ ಬೇಕಾದ ಹಾಗೆ ಇರಬೇಕಾ? ಮತ್ತೆ, ಜನ ಕೇಳಲೇ ಇಲ್ಲ ಅನ್ನುವ ಹಾಗೂ ಇಲ್ಲ. ಬ್ರಿಟನ್ನಿನ ಚಾರ್ಟಿನಲ್ಲಿ 7ನೇ ಸ್ಥಾನಕ್ಕೆ ಹೋಯಿತು. ನಂಬರ್ 1 ಆಗಲಿಲ್ಲವಲ್ಲ ಅನ್ನುವವರ ಜೊತೆ ನನಗೆ ವಾದ ಬೇಡ.

ಈಗ ನನ್ನ ವಿಷಯ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ.

ಆರ್ಕೆಸ್ಟ್ರಾ ಬಿಟ್ಟ ವರ್ಷ ಒಂದು ಗಣೇಶೋತ್ಸವದಲ್ಲಿ ನನ್ನ ಹೆಸರಿನದೇ ಕಾರ್ಯಕ್ರಮ ಸಿಕ್ಕಿತ್ತು. ಬ್ಯಾನರಿನಲ್ಲಿ ಮೊದಲ ಸಲ ನನ್ನ ಹೆಸರು, ನನ್ನ ಫೋಟೋ. ಒಂಬತ್ತು ವರ್ಷ ಅವೇ ಹತ್ತು ಹಾಡು ಹಾಡಿದ್ದೆ. ಈ ಸಲ ಶಿಶುನಾಳ ಷರೀಫರ ಒಂದು ತತ್ವಪದದಿಂದ ಶುರು ಮಾಡಬೇಕು ಅಂತ ತಿಂಗಳಿಡೀ ತಯಾರಿ ಮಾಡಿದ್ದೆ. ಮೊದಲು ಬರೀ ಏಕತಾರಿ. ಒಂದು ಚರಣ ಪೂರ್ತಿ ಹಾಗೇ. ಆಮೇಲೆ ಒಮ್ಮೆಗೇ ಡ್ರಮ್ಸ್, ಕೀಬೋರ್ಡ್ ಎಲ್ಲ ನುಗ್ಗಬೇಕು, ಲಯ ಎರಡು ಪಟ್ಟಾಗಬೇಕು. ಡ್ರಮ್ಸ್ ಹುಡುಗ ಆ ಜಾಗಕ್ಕೆ ಕಾಯುತ್ತಾ ಕೋಲು ಎತ್ತಿ ಹಿಡಿದಿದ್ದ.

ಎರಡನೇ ಸಾಲಿಗೆ ಕೆಳಗಿನಿಂದ ಚೀಟಿ ಬಂತು. "ಡ್ಯಾನ್ಸ್ ಸಾಂಗ್ ಹಾಕಿ." ಸಂಘಟಕರು ವೇದಿಕೆಯ ಪಕ್ಕ ನಿಂತು ಕೈ ತಿರುಗಿಸುತ್ತಿದ್ದರು, ಬೇಗ ಬೇಗ ಅನ್ನುವ ಹಾಗೆ. ನಾನು ನಿಲ್ಲಿಸಿದೆ. ಅರ್ಧ ಸಾಲಿನಲ್ಲಿ ನಿಲ್ಲಿಸಿ, ಹಿಂದೆ ತಿರುಗಿ, ಹಳೆಯ ಹಾಡಿನ ಶ್ರುತಿ ಹೇಳಿದೆ. ಡ್ರಮ್ಸ್ ಹುಡುಗ ಕೋಲು ಕೆಳಗಿಳಿಸಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದೆ ಇದೆ. ಜನ ಕುಣಿದರು, ಶಿಳ್ಳೆ ಹಾಕಿದರು, ಕವರು ಕೈಗೆ ಬಂತು. ಮನೆಗೆ ಬಂದು ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಆ ಚೀಟಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮುಂದೆ ಏನು ಬರುತ್ತದೆ ಅನ್ನುವುದು ಗೊತ್ತೇ ಇರಲಿಲ್ಲ. ಆದರೆ ನಿನ್ನೆ ಆ ಕೈ ಫೋನಿನ ಕಡೆ ಹೋದಾಗ ನನಗೆ ಕಂಡಿದ್ದು ಅದೇ ಚೀಟಿ. ಅದೇ ಜಾಗ. ನಿಧಾನ ಮುಗಿದು ಬೀಟ್ ನುಗ್ಗುವ ಜಾಗ.

ಜೇಡ್‌ಗೂ ಇಂಥ ಚೀಟಿ ಬಂದಿರುತ್ತದೆ, ಅಲ್ವಾ? ಕಾಗದದಲ್ಲಿ ಅಲ್ಲದಿದ್ದರೆ ಮೀಟಿಂಗಿನಲ್ಲಿ. ಆದರೂ ಅವಳು ನಿಲ್ಲಿಸಲಿಲ್ಲ. ಅದೇ ಹಾಡನ್ನು 2025ರ ಮಾರ್ಚ್ 1ರಂದು ಬ್ರಿಟ್ ಪ್ರಶಸ್ತಿ ವೇದಿಕೆಯಲ್ಲಿ ಹಾಡಿದಳು. ಓ2 ಅರೀನಾದಲ್ಲಿ. ಮೂರು ವರ್ಷದ ಹಿಂದೆ ಗುಂಪಿನ ಜೊತೆ ಕೊನೆಯ ಸಲ ಕೈ ಮುಗಿದು ಇಳಿದ ಅದೇ ಜಾಗದಲ್ಲಿ, ಈಗ ಒಬ್ಬಳೇ. ಅತ್ಯುತ್ತಮ ಪಾಪ್ ಕಲಾವಿದೆ ಪ್ರಶಸ್ತಿಯೂ ಅವತ್ತು ಅವಳಿಗೇ ಬಂತು. ಜನರ ಓಟಿನಿಂದ ಕೊಡುವ ಪ್ರಶಸ್ತಿ ಅದು. 1967ರಲ್ಲಿ ಸ್ಯಾಂಡಿ ಶಾಗೆ ಬೇಡದ ಹಾಡನ್ನು ಹೊರಿಸಿದ್ದೂ ಓಟೇ. ಇಲ್ಲಿ ಅದೇ ಓಟು, ತನಗೆ ಬೇಕಾದ ಹಾಡನ್ನೇ ಹಿಡಿದು ನಿಂತವಳ ಕಡೆ ಬಿತ್ತು. ಆ ವಿಡಿಯೋ ನೋಡುವಾಗ ನಾನು ಸೋಫಾ ಬಿಟ್ಟು ಎದ್ದು ನಿಂತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಿಲ್ಲಿಸಿದವರಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೇನೆ. ಮುಂದಿನ ಭಾನುವಾರ ನಮ್ಮ ಮನೆಗೆ ಬರಬೇಕು, ಅಕ್ಕಿ ರೊಟ್ಟಿ ಮಾಡುತ್ತೇನೆ, ಊಟಕ್ಕೆ ಮೊದಲು ಹಾಡು ಪೂರ್ತಿ ಕೇಳಬೇಕು. ಮೂರು ನಿಮಿಷ ಚಿಲ್ಲರೆ ಅಷ್ಟೇ. ಬೇಡ ಅನಿಸಿದರೆ ಮುಗಿದ ಮೇಲೆ ಬೈಯಲಿ, ಕೇಳಿಸಿಕೊಳ್ಳುತ್ತೇನೆ. ಮುಗಿಯುವ ತನಕ ಸ್ಪೀಕರ್ ನನ್ನ ಮಡಿಲಲ್ಲೇ ಇರುತ್ತದೆ.