ಕೊಕ್ಕೋ ಕಾಯಿ ನೋಡಿದವರು ಯಾರಾದರೂ ಇದ್ದೀರಾ?

ಹೋದ ತಿಂಗಳು ಒಂದು ಭಾನುವಾರ 1,500 ರೂಪಾಯಿ ಕೊಟ್ಟು ಮುಂಬಯಿಯ ಹಳೇ ಬಡಾವಣೆ ಫೋರ್ಟ್ ನೋಡಿಕೊಂಡು ಬಂದೆ. ಮದುವೆಯಾಗಿ ಮುಂಬಯಿಗೆ ಬಂದು 28 ವರ್ಷವಾಯಿತು. ಅದರಲ್ಲಿ 11 ವರ್ಷ ಇದೇ ಫೋರ್ಟಿನ ಒಂದು ಆಫೀಸಿನಲ್ಲಿ ದುಡಿದವಳು ನಾನು. ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು, ವಿ.ಟಿ. ಸ್ಟೇಷನ್ನಿನಲ್ಲಿ ಇಳಿದು, ನೆಲ ನೋಡಿಕೊಂಡು ಓಡುತ್ತಿದ್ದೆ. ಅಂಥವಳು ಈಗ ದುಡ್ಡು ಕೊಟ್ಟು ಅದೇ ಬೀದಿ ನೋಡಲು ಹೋಗುತ್ತೇನೆ ಅಂದರೆ ಮನೆಯಲ್ಲಿ ನಗದೆ ಇರುತ್ತಾರಾ? ನಮ್ಮವರು ಚಹಾ ಲೋಟ ಕೆಳಗಿಟ್ಟು ನಕ್ಕರು.

ಬುಕ್ ಮಾಡಿದ್ದು ಅಕ್ಕನ ಮಗಳು. ಪೊವಾಯಿಯಲ್ಲಿ ಕೆಲಸ, ಹುಟ್ಟಿ ಬೆಳೆದದ್ದು ಬೆಂಗಳೂರು. "ಚಿಕ್ಕಮ್ಮ, ಚಾಕಲೇಟ್ ವಾಕ್ ಅಂತೆ, ಸುಮ್ನೆ ಬನ್ನಿ" ಅಂದಳು. ಈಗ ಇಂಥವು ಜಾಸ್ತಿಯಾಗಿವೆ. ಒಬ್ಬರು ಗೈಡ್, ಹಿಂದೆ ಹತ್ತು ಹನ್ನೆರಡು ಜನ. ಎರಡು ಎರಡೂವರೆ ಗಂಟೆ ಹಳೇ ಕಟ್ಟಡಗಳ ನಡುವೆ ನಡೆಯುವುದು. ಅಲ್ಲಲ್ಲಿ ನಿಂತು ಕಥೆ ಕೇಳುವುದು, ಒಂದೊಂದು ತುಂಡು ಚಾಕಲೇಟ್ ಬಾಯಿಗೆ ಹಾಕಿಕೊಳ್ಳುವುದು.

ಮೊದಲೇ ಹೇಳಿಬಿಡುತ್ತೇನೆ, ನಡಿಗೆ ನನಗೆ ಇಷ್ಟವಾಯಿತು. ಬೆಳಿಗ್ಗೆ ಎಂಟೂವರೆಗೆ ಹಾರ್ನಿಮನ್ ಸರ್ಕಲ್‌ನಲ್ಲಿ ಜನವೇ ಇರಲಿಲ್ಲ. 1833ರಲ್ಲಿ ಕಟ್ಟಿ ಮುಗಿಸಿದ ಟೌನ್ ಹಾಲ್‌ನ ಮೆಟ್ಟಿಲ ಮೇಲೆ ಮೂರು ನಾಯಿ ಮಲಗಿದ್ದವು. 11 ವರ್ಷ ಅದರ ಎದುರಿಗೇ ಓಡಾಡಿದರೂ ಆ ಕಂಬಗಳು ಎಷ್ಟು ಎತ್ತರ ಅಂತ ನಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಗೈಡ್ ಹುಡುಗಿಯೂ ಚುರುಕು. ಮರಾಠಿ ಹುಡುಗಿ, ಇತಿಹಾಸ ಓದಿದವಳು. ಈ ಸರ್ಕಲ್ ಹಿಂದೆ ಬಯಲಾಗಿತ್ತು, ಹತ್ತಿಯ ಮೂಟೆಗಳನ್ನು ಇಲ್ಲೇ ಒಟ್ಟುತ್ತಿದ್ದರು ಅಂದಳು. ಅಷ್ಟು ಹೇಳಿ ಡಬ್ಬಿ ತೆಗೆದು ಎಲ್ಲರಿಗೂ ಒಂದೊಂದು ಕಪ್ಪು ತುಂಡು ಕೊಟ್ಟಳು. ಹಿಂದೆ ಮೆಕ್ಸಿಕೋದಲ್ಲಿದ್ದ ಅಜ್ಟೆಕ್ ಜನ ಚಾಕಲೇಟ್ ಮಾಡುವ ಕೊಕ್ಕೋ ಬೀಜವನ್ನೇ ದುಡ್ಡಿನ ಹಾಗೆ ಬಳಸುತ್ತಿದ್ದರು ಅಂತ ಶುರು ಮಾಡಿದಳು.

ಅಲ್ಲಿಂದಲೇ ನನಗೆ ಸ್ವಲ್ಪ ಕಿರಿಕಿರಿ. ಹತ್ತಿ ಮೂಟೆ ಎಲ್ಲಿ, ಅಜ್ಟೆಕ್ ಎಲ್ಲಿ? 1718ರಲ್ಲಿ ಶುರುವಾದ ಸೇಂಟ್ ಥಾಮಸ್ ಚರ್ಚಿನ ಎದುರು ಸ್ವಿಟ್ಜರ್ಲೆಂಡಿನ ಹಾಲು ಚಾಕಲೇಟಿನ ಕಥೆ. ಫ್ಲೋರಾ ಫೌಂಟನ್ ಹತ್ತಿರ ಬೆಲ್ಜಿಯಂ ಕಥೆ. ಕಟ್ಟಡದ ಕಥೆ ಒಂದು ಹಳಿಯಲ್ಲಿ, ಚಾಕಲೇಟಿನ ಕಥೆ ಇನ್ನೊಂದು ಹಳಿಯಲ್ಲಿ. ಸ್ಲೋ ಲೋಕಲ್, ಫಾಸ್ಟ್ ಲೋಕಲ್ ಪಕ್ಕಪಕ್ಕ ಓಡಿದ ಹಾಗೆ.

ಬ್ರಸೆಲ್ಸ್‌ನಲ್ಲಿ ಈ ಥರದ ನಡಿಗೆ ಮಾಡಿದರೆ ಅದಕ್ಕೊಂದು ಅರ್ಥ ಇದೆ. ನಮ್ಮ ಭಾವನ ಮಗ ಅಲ್ಲಿ ಹೋಗಿ ಬಂದಿದ್ದಾನೆ. ಗಾಜಿನ ಚಾವಣಿಯ ಹಳೇ ಅಂಗಡಿ ಸಾಲೊಂದರಲ್ಲಿ 1857ರಲ್ಲಿ ನ್ಯೂಹೌಸ್ ಅನ್ನುವವರು ಔಷಧಿ ಅಂಗಡಿ ಇಟ್ಟರು. ಕಹಿ ಔಷಧಿಗೆ ಚಾಕಲೇಟ್ ಬಳಿದು ಕೊಡುತ್ತಿದ್ದರಂತೆ. 1912ರಲ್ಲಿ ಮೊಮ್ಮಗ ಔಷಧಿಯ ಜಾಗಕ್ಕೆ ಸಿಹಿ ಹೂರಣ ತುಂಬಿದ. ಅಲ್ಲಿಯ ಪ್ರಲೀನ್ ಹುಟ್ಟಿದ್ದು ಹಾಗೆ. ಆ ಅಂಗಡಿ ಇವತ್ತಿಗೂ ಅಲ್ಲೇ ಇದೆ. ಅಲ್ಲಿ ಚಾವಣಿ ನೋಡಿದರೂ ಚಾಕಲೇಟ್ ತಿಂದರೂ ಒಂದೇ ಕಥೆ. ಅದೇ ಕಥೆಯನ್ನು ಹೊತ್ತು ತಂದು ಫ್ಲೋರಾ ಫೌಂಟನ್ ಎದುರು ಅಕ್ಟೋಬರ್ ಬಿಸಿಲಲ್ಲಿ ಹೇಳಿದರೆ?

ಬಿಸಿಲು ಅಂದಾಗ ನೆನಪಾಯಿತು. ಮೂರನೇ ತುಂಡು ಟ್ರಫಲ್, ಮೆತ್ತಗಿನ ಚಾಕಲೇಟ್ ಉಂಡೆ. ಐಸ್ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಬರುವಷ್ಟರಲ್ಲಿ ಪಾಯಸ. ಕೊಕ್ಕೋ ಬೆಣ್ಣೆ 34 ಡಿಗ್ರಿ ಹೊತ್ತಿಗೆಲ್ಲ ಕರಗುತ್ತದೆ. ಬಾಯಲ್ಲಿಟ್ಟ ತಕ್ಷಣ ಕರಗುವ ಸುಖ ಅದರಿಂದಲೇ. ಮುಂಬಯಿಯ ಅಕ್ಟೋಬರ್ ಕೂಡ ಆಗಾಗ 34 ದಾಟುತ್ತದೆ. ನಾನು ಸೆರಗಿನ ತುದಿಗೆ ಕೈ ಒರೆಸಿಕೊಂಡೆ. ಪಕ್ಕದ ಗುಜರಾತಿ ಹುಡುಗ ಬೆರಳು ನೆಕ್ಕಿಕೊಂಡ. ಅವನೇ ಜಾಣ.

ಆಮೇಲೆ ಓವಲ್ ಮೈದಾನದ ಬೇಲಿಯ ಹತ್ತಿರ ನಿಂತೆವು. ಎದುರಿಗೆ ರಾಜಾಬಾಯಿ ಟವರ್. ಗೈಡ್ ಹುಡುಗಿ ಇಲ್ಲಿ ಕಥೆ ಚೆನ್ನಾಗಿ ಹೇಳಿದಳು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು, ಬೊಂಬಾಯಿ ಹತ್ತಿಗೆ ಬಂಗಾರದ ಬೆಲೆ ಬಂತು. ಕಂಡಕಂಡವರೆಲ್ಲ ಶೇರು ಕೊಂಡರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದಬ್ಬೆಂದು ಬಿತ್ತು, ಊರಿಗೆ ಊರೇ ದಿವಾಳಿ. ಆ ಆಟದ ದೊಡ್ಡ ಕುಳ ಪ್ರೇಮಚಂದ್ ರಾಯ್‌ಚಂದ್. ಅವರು ಕೊಟ್ಟ ದುಡ್ಡಿನಲ್ಲಿ, ಅವರ ತಾಯಿಯ ಹೆಸರಿನಲ್ಲಿ, 1878ರಲ್ಲಿ ಮುಗಿದದ್ದು ಈ ಗೋಪುರ.

ಇದನ್ನು ಹೇಳಿ ಮುಗಿಸಿ ಆಕೆ ನಾಲ್ಕನೇ ತುಂಡು ಕೊಟ್ಟಳು. 70 ಪರ್ಸೆಂಟ್ ಡಾರ್ಕ್, ಕೇರಳದ ಇಡುಕ್ಕಿಯ ಬೀಜ. "ಕಣ್ಣು ಮುಚ್ಚಿ, ಕಚ್ಚಬೇಡಿ, ನಾಲಿಗೆ ಮೇಲೆ ಕರಗಲು ಬಿಡಿ. ಕೆಂಪು ಬೆರಿ ಹಣ್ಣುಗಳ ಪರಿಮಳ ಬರುತ್ತದೆ" ಅಂದಳು.

ಕಣ್ಣು ಮುಚ್ಚಿದೆ. ನನಗೆ ಬಂದದ್ದು ಅಜ್ಜನ ಬುಟ್ಟಿಯ ವಾಸನೆ.

ನಮ್ಮ ಸುಳ್ಯದ ಕಡೆಯವರಿಗೆ ಇದು ಗೊತ್ತಿರುತ್ತದೆ. ಕೊಕ್ಕೋ ಕಾಯಿ ಒಡೆದರೆ ಒಳಗೆ ಬಿಳೀ ಲೋಳೆ ಅಂಟಿದ ಮೂವತ್ತು ನಲವತ್ತು ಬೀಜ. ಅದನ್ನು ಬಾಳೆ ಎಲೆ ಹಾಸಿದ ಬುಟ್ಟಿಗೆ ತುಂಬಿ, ಮೇಲೆ ಎಲೆ ಮುಚ್ಚಿ, ಗೋಣಿ ಹೊದೆಸಿ ಇಡುತ್ತಿದ್ದರು. ಎರಡನೇ ದಿನ ಕಳ್ಳಿನ ಹಾಗೆ ಹುಳಿ ಹುಳಿ ವಾಸನೆ. ನಾಲ್ಕನೇ ದಿನ ಬುಟ್ಟಿಯೊಳಗೆ ಕೈ ಹಾಕಿದರೆ ಬಿಸಿ, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ. ಆರನೇ ದಿನಕ್ಕೆ ಆ ಹುಳಿ ತಿರುಗಿ ಬೇರೇನೋ ಆಗುತ್ತಿತ್ತು. ಆ ಹುಳಿಯೇ ಇರದಿದ್ದರೆ ಎಷ್ಟು ಹುರಿದರೂ ಬೀಜಕ್ಕೆ ಚಾಕಲೇಟಿನ ರುಚಿ ಬಾರದು. ಅದೆಲ್ಲ ನಮಗೆ ಆಗ ಎಲ್ಲಿ ಗೊತ್ತು? ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಬಿಸಿಲಿದ್ದರೆ ಅಂಗಳದಲ್ಲಿ ಒಣಗಿಸುವುದು, ಮಳೆ ಹಿಡಿದರೆ ಒಲೆಯ ಮೇಲಿನ ಅಟ್ಟದಲ್ಲಿ. ಅಟ್ಟದಲ್ಲಿ ಒಣಗಿದ್ದಕ್ಕೆ ಹೊಗೆ ವಾಸನೆ ಹಿಡಿಯುತ್ತಿತ್ತು. ಕೊಳ್ಳುವವರು ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದರು.

ಬೆರಿ ಹಣ್ಣಂತೆ! ಇರಲಿ, ಅವಳು ಕಲಿತದ್ದನ್ನು ಅವಳು ಹೇಳಿದಳು.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಹತ್ತಿಯ ಕಥೆ ಅಷ್ಟು ಚೆನ್ನಾಗಿ ಹೇಳಿದವಳ ಕೈಯಲ್ಲಿ ಅದೇ ಕಥೆಯ ಇನ್ನೊಂದು ತುಂಡು ಇತ್ತು, ಅವಳಿಗೆ ಅದು ಗೊತ್ತಿರಲಿಲ್ಲ. ಕ್ಯಾಡ್ಬರಿ ಭಾರತಕ್ಕೆ ಬಂದದ್ದು 1948ರಲ್ಲಿ, ಮೊದಲು ಹೊರಗಿನಿಂದ ಚಾಕಲೇಟ್ ತರಿಸಿ ಮಾರುತ್ತಿತ್ತು. ಮುಂಬಯಿಯೇ ಅದರ ಮನೆ. ಥಾಣೆಯಲ್ಲಿ ಇವತ್ತಿಗೂ ರಿಕ್ಷಾದವನಿಗೆ ಕ್ಯಾಡ್ಬರಿ ಜಂಕ್ಷನ್ ಅಂದರೆ ಸಾಕು. ಬೀಜ ಇಲ್ಲೇ ಬೆಳೆಸೋಣ ಅಂತ 1965ರಿಂದ ಕೇರಳದ ಕಡೆ ಕೊಕ್ಕೋ ಕೃಷಿ ಶುರುವಾಯಿತು. ಅದು ನಮ್ಮ ಅಡಿಕೆ ತೋಟಕ್ಕೂ ಬಂತು. ಅಡಿಕೆಯ ನೆರಳಲ್ಲಿ ಬೆಳೆಯುತ್ತದೆ, ಬೇರೆ ಜಾಗ ಬೇಡ, ಬೇರೆ ನೀರು ಬೇಡ. ಅಜ್ಜನೂ ಇಟ್ಟರು. ಕೆಲವು ವರ್ಷ ಒಳ್ಳೆಯ ಬೆಲೆ. 1980ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು, ಕೊಳ್ಳುವವರಿಲ್ಲ. ನನಗೆ ಆಗ ಎಂಟು ವರ್ಷ. ಅಜ್ಜ ಒಂದು ಬೆಳಿಗ್ಗೆ ಕತ್ತಿ ಹಿಡಿದು ತೋಟಕ್ಕೆ ಹೋದರು, ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ಹೋಗಿ ನೋಡಿದರೆ ಅರ್ಧ ಗಿಡ ನೆಲಕ್ಕೆ. ಕಾಂಡಕ್ಕೆ ಹಲಸಿನ ಹಾಗೆ ಅಂಟಿಕೊಂಡ ಕಾಯಿಗಳು ಇನ್ನೂ ಹಾಗೇ ಇದ್ದವು.

ಉಳಿದರ್ಧ ಉಳಿದದ್ದು ಕ್ಯಾಂಪ್ಕೊದಿಂದ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಅಡಿಕೆ ಬೆಳೆಗಾರರಿಗಾಗಿ ಕಟ್ಟಿದ ಸಹಕಾರಿ ಸಂಸ್ಥೆ ಕೊಕ್ಕೋ ಕೊಳ್ಳಲೂ ಇಳಿಯಿತು. ಬರೀ ಕೊಂಡರೆ ಸಾಲದು ಅಂತ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿದರು. ಬೆಳೆದವರೇ ಸೇರಿ ಚಾಕಲೇಟ್ ಮಾಡಿದ್ದು ಸಣ್ಣ ಮಾತಾ? ಬೆಲ್ಜಿಯಂ ಕಥೆಗಿಂತ ಇದು ಯಾವ ಲೆಕ್ಕದಲ್ಲಿ ಕಡಿಮೆ? ಮತ್ತೆ ಇದು ಹತ್ತಿಯ ಕಥೆಯೇ, ಅಲ್ವಾ? ಎಲ್ಲೋ ದೂರದಲ್ಲಿ ಏನೋ ಆಗುತ್ತದೆ, ಇಲ್ಲಿ ಬೆಲೆ ಹಾರುತ್ತದೆ, ಬೀಳುತ್ತದೆ. 2024ರಲ್ಲೂ ಅದೇ ಆಯಿತು. ಘಾನಾ, ಐವರಿ ಕೋಸ್ಟ್‌ನಲ್ಲಿ ಬೆಳೆ ಕೆಟ್ಟಿತು, ಟನ್ನಿಗೆ 10,000 ಡಾಲರ್ ದಾಟಿತು, ಆಮೇಲೆ ಮತ್ತೆ ಇಳಿಯಿತು. ಟವರ್ ಎದುರು ನಿಂತು ಇದನ್ನು ಹೇಳಿದ್ದರೆ ಆ ಎರಡು ಹಳಿ ಅಲ್ಲೇ ಸೇರುತ್ತಿತ್ತು.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಗೈಡ್ ಹುಡುಗಿ ಚೀಲದಿಂದ ಬಣ್ಣ ಬಳಿದ ಪ್ಲಾಸ್ಟರ್ ಕಾಯಿಯೊಂದನ್ನು ತೆಗೆದು, "ನಿಜವಾದ ಕೊಕ್ಕೋ ಕಾಯಿ ನೋಡಿದವರು ಯಾರಾದರೂ ಇದ್ದೀರಾ?" ಅಂತ ಕೇಳಿದಳು. ಯಾರೂ ಇಲ್ಲ. ಅಕ್ಕನ ಮಗಳು ನನ್ನ ಮೊಣಕೈ ಹಿಡಿದು ಮೇಲಕ್ಕೆತ್ತಿಬಿಟ್ಟಳು.

ನನ್ನ ಹರಕು ಹಿಂದಿ, ಮುರುಕು ಮರಾಠಿಯಲ್ಲಿ ಹೇಳಿದೆ. ಶಾಲೆಯಿಂದ ಬರುವಾಗ ಹಣ್ಣಾದ ಕಾಯಿ ಕಿತ್ತು ಕಲ್ಲಿಗೆ ಕುಟ್ಟಿ ಒಡೆದು, ಬಿಳೀ ಲೋಳೆ ಚೀಪುತ್ತಿದ್ದದ್ದು. ಸೀತಾಫಲಕ್ಕೆ ನಿಂಬೆ ಹಿಂಡಿದ ಹಾಗೆ ಅದರ ರುಚಿ. ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಹಾಗಲಕಾಯಿಯನ್ನೂ ಮೀರಿಸುವ ಕಹಿ. ಬೀಜ ಎಸೆದು ಬಂದರೆ ಅಜ್ಜನ ಬೈಗುಳ, ಅದಕ್ಕೇ ಚೀಪಿದ ಬೀಜವನ್ನೂ ಲಂಗದಲ್ಲಿ ಕಟ್ಟಿಕೊಂಡು ಬಂದು ಬುಟ್ಟಿಗೆ ಹಾಕುತ್ತಿದ್ದೆವು. ಆ ಗುಜರಾತಿ ಹುಡುಗ, "ಅಂದರೆ ನಾವು ತಿನ್ನುವುದು..." ಅಂತ ಅರ್ಧಕ್ಕೇ ನಿಲ್ಲಿಸಿದ. ಎಲ್ಲರೂ ನಕ್ಕರು. ಐದು ನಿಮಿಷ ಹೀಗೇ ಹೋಯಿತು. ಆಮೇಲೆ ಗೈಡ್ ಗಡಿಯಾರ ನೋಡಿ, "ಕಾಕೂ, ಸಾರಿ, ಕೆಫೆಯವರು ಕಾಯುತ್ತಿದ್ದಾರೆ" ಅಂದಳು. ಕಾಲಾಘೋಡಾದ ಕೆಫೆಯಲ್ಲಿ ಬ್ರೌನಿ ತಿಂದೆವು. ಬ್ರೌನಿ ಬ್ರೌನಿಯ ಹಾಗೇ ಇತ್ತು.

ಇನ್ನೊಂದು ದೂರು. ಮುಂಬಯಿಗೆ ತನ್ನದೇ ಚಾಕಲೇಟ್ ಬೀದಿ ಇದೆ. ಹಾರ್ನಿಮನ್ ಸರ್ಕಲ್‌ನಿಂದ ಕಾಲುನಡಿಗೆಯಲ್ಲಿ ಇಪ್ಪತ್ತು ನಿಮಿಷ. ಕ್ರಾಫರ್ಡ್ ಮಾರ್ಕೆಟ್! ದೀಪಾವಳಿಗೆ ತಿಂಗಳ ಮುಂಚೆ ಹೋಗಿ ನೋಡಿ. ಡೊಂಬಿವಲಿ, ಮುಲುಂಡ್, ಬೊರಿವಲಿಯ ಹೆಂಗಸರು ಇಟ್ಟಿಗೆಯಂಥ ಚಾಕಲೇಟ್ ಸ್ಲಾಬ್, ಹೃದಯದ ಆಕಾರದ ಅಚ್ಚು, ಬಣ್ಣದ ಬೇಗಡೆ ಕಾಗದ ಚೌಕಾಸಿ ಮಾಡಿ ಕೊಳ್ಳುತ್ತಿರುತ್ತಾರೆ. ಮನೆಯಲ್ಲಿ ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಅಚ್ಚಿಗೆ ಹುಯ್ದು, ಫ್ರಿಜ್ಜಿನಲ್ಲಿಟ್ಟು, ಡಬ್ಬ ಕಟ್ಟಿ ಮಾರುತ್ತಾರೆ. ನಾನೂ ಆಫೀಸು ಬಿಟ್ಟ ಮೇಲೆ ನಾಲ್ಕು ದೀಪಾವಳಿ ಮಾಡಿದ್ದೇನೆ. ಕರಗಿದ ಚಾಕಲೇಟಿಗೆ ಒಂದು ಹನಿ ನೀರು ಬಿದ್ದರೂ ಇಡೀ ಪಾತ್ರೆ ಮುದ್ದೆಗಟ್ಟುತ್ತದೆ. ನಾಲ್ಕು ಕಿಲೋ ಆರ್ಡರ್ ಇದ್ದಾಗ ಹಾಗೆ ಮಾಡಿಕೊಂಡು ಸಿಂಕಿನ ಮುಂದೆ ಅತ್ತಿದ್ದೇನೆ.

ಆ ಸ್ಲಾಬ್ ಜಾಸ್ತಿ ಕಾಂಪೌಂಡ್, ಕೊಕ್ಕೋ ಬೆಣ್ಣೆಯ ಬದಲು ಬೇರೆ ಎಣ್ಣೆಯ ಜಿಡ್ಡು. ರುಚಿ ತಿಳಿದವರು ಮೂಗು ಮುರಿಯುತ್ತಾರೆ. ಮುರಿಯಲಿ. ಈ ಊರಿನ ಸೆಕೆಯಲ್ಲಿ ಕೈಗೆ ಅಂಟದೆ ನಿಲ್ಲುವುದು ಅದೇ. ಎಷ್ಟು ಮನೆಗಳ ಶಾಲೆ ಫೀಸು ಅದರಿಂದ ಕಟ್ಟಿದ್ದಾರೆ ಅಂತ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೇಳಿ, ಹೇಳುತ್ತಾರೆ. ಕಟ್ಟಡವೂ ಬೇಕು ಅಂತೀರಾ? ಮಾರ್ಕೆಟ್ 1869ರದ್ದು, ಬಾಗಿಲ ಮೇಲಿನ ಕಲ್ಲಿನ ಕೆತ್ತನೆ ಲಾಕ್‌ವುಡ್ ಕಿಪ್ಲಿಂಗ್ ಅವರದ್ದು. ಗೋಧಿ ಕೊಯ್ಯುವವರ ಚಿತ್ರ. ಒಂದೇ ಜಾಗದಲ್ಲಿ ಎರಡೂ ಇದೆ. ಕಾಂಪೌಂಡ್ ಒಂದು ತುಂಡು, ಇಡುಕ್ಕಿಯದು ಒಂದು ತುಂಡು, ಪುತ್ತೂರಿನದು ಒಂದು ತುಂಡು ಅಕ್ಕಪಕ್ಕ ಇಟ್ಟು ಕೊಡಲಿ. ಅದಕ್ಕೆ ನಾನು 2,000 ಕೊಡಲೂ ತಯಾರು. ನಮ್ಮವರಿಗೆ ಇದನ್ನು ತೋರಿಸಬೇಡಿ.

ನಡಿಗೆ ಮುಗಿದ ಮೇಲೆ ಇಬ್ಬರೂ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಹೋಗಿ ಕಾಫಿ ಕುಡಿದೆವು. ಗಲ್ಲೆಯ ಹಿಂದೆ ಕೂತಿದ್ದ ಹಿರಿಯರು ಕನ್ನಡ ಕೇಳಿ ಯಾವ ಊರು ಅಂದರು. ಹಗಲು ಟೇಬಲ್ ಒರೆಸಿ, ರಾತ್ರಿ ಇಲ್ಲೇ ಹತ್ತಿರದ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರಂತೆ. ಆ ಶಾಲೆಯ ಬಾಗಿಲ ಎದುರೇ ನಾವು ಬೆಳಿಗ್ಗೆ ಹಾದು ಬಂದಿದ್ದೆವು. ಅದು ಇನ್ನೊಂದು ದಿನದ ಬರಹ.

ಅಲ್ಲಿಂದಲೇ ಊರಿಗೆ ಫೋನು ಹಾಕಿದೆ. "ಅಣ್ಣ, ನಾಲ್ಕು ಕೊಕ್ಕೋ ಕಾಯಿ ಬೇಕಿತ್ತು."

"ಕಾಯಿಯಾ? ಎಂತಕ್ಕೆ? ಅಲ್ಲಿ ಚಾಕಲೇಟ್ ಸಿಗುದಿಲ್ವಾ?" ಅಂದ. ಅಳಿಲು ಬಿಟ್ಟರೆ ಕಳಿಸುತ್ತೇನೆ ಅಂತ ಗೊಣಗಿದ. ಆದರೂ ವಾರದೊಳಗೆ ಬಸ್ಸಿನಲ್ಲಿ ಹಾಕಿದ. ಚೆಂಬೂರಿನಲ್ಲಿ ಇಳಿಸಿಕೊಂಡ ಚೀಲದಲ್ಲಿ ತೆಂಗಿನಕಾಯಿ, ಅಕ್ಕಿ ಹಪ್ಪಳ, ಅವುಗಳ ನಡುವೆ ಕಾಗದ ಸುತ್ತಿದ ನಾಲ್ಕು ಕಾಯಿ. ಎರಡು ಕಪ್ಪಾಗಿ ಕೊಳೆತಿದ್ದವು. ಎರಡು ಹಳದಿ, ಗಟ್ಟಿ.

ಗೈಡ್ ಹುಡುಗಿಗೆ ಫೋಟೋ ಕಳಿಸಿದೆ. ತಕ್ಷಣ ಉತ್ತರ ಬಂತು: "ಕಾಕೂ, ಈ ಭಾನುವಾರ ಬರ್ತೀರಾ? ದುಡ್ಡು ಬೇಡ. ಇದನ್ನು ಒಡೆಯಲು ಚಾಕು ತರಬೇಕಾ?"

ಚಾಕು ಬೇಡ, ಟೌನ್ ಹಾಲ್ ಮೆಟ್ಟಿಲಿದೆಯಲ್ಲ ಅಂತ ಬರೆದೆ.