ಅವ್ವ ಹೇಳಿದ್ದು ಸಂಕಟ, ಮಗ ಹೇಳಿದ್ದು ಗ್ಯಾಸ್

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೇಜಾರಿಗಿಂತ ಸಿಟ್ಟೇ ಜಾಸ್ತಿ. ಬರೆದೇ ಬಿಡುತ್ತೇನೆ.

ಮುಂಬೈ ಹತ್ತಿರ ಡೊಂಬಿವಲಿಯಲ್ಲಿರುವ ನನ್ನ ಕ್ಲಿನಿಕ್ಕು ನಿಮಗೆ ಗೊತ್ತಲ್ವಾ. ಬೋರ್ಡಿನ ಮೇಲೆ ಮರಾಠಿ ಜೊತೆ ಕನ್ನಡದಲ್ಲೂ ಹೆಸರಿದೆ. ಅದನ್ನು ನೋಡಿಯೇ ಹೋದ ವಾರ ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಕಲಬುರಗಿ ಕಡೆಯವರು. ತಾಯಿಗೆ 62 ವರ್ಷ, 11 ವರ್ಷದಿಂದ ಶುಗರ್ ಇದೆ. ಹುಡುಗ ಕೂರುವ ಮೊದಲೇ ದಪ್ಪ ಫೈಲನ್ನು ಮೇಜಿನ ಮೇಲಿಟ್ಟ. "ಸರ್, ಅವ್ವಗ ಗ್ಯಾಸ್ ಭಾಳ ಅದ. ಐದು ತಿಂಗಳಾತು" ಅಂದ.

ಫೈಲಿನಲ್ಲಿ ಏನೇನೆಲ್ಲ ಇತ್ತು! ಹೊಟ್ಟೆಯ ಸೋನೋಗ್ರಫಿ, ಎಂಡೋಸ್ಕೋಪಿ, ಲಿವರ್ ಟೆಸ್ಟು, ಥೈರಾಯ್ಡು. ಮೂರು ಡಾಕ್ಟರ ಚೀಟಿ. ಮೂರರಲ್ಲೂ ಪ್ಯಾಂಟೊಪ್ರಜೋಲ್, ಅಂದರೆ ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಮಾತ್ರೆ. ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ. ಈ ತೊಂದರೆ ಯಾವಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ?

ಮಗನಿಗೆ ಸ್ವಲ್ಪ ಸುಮ್ಮನಿರು ಅಂತ ಹೇಳಿ ಅವರನ್ನೇ ಕೇಳಿದೆ.

"ಏನಾಗ್ತದವ್ವಾ?"

"ಎದ್ಯಾಗ ಸಂಕಟ ಆಗ್ತದ ಯಪ್ಪಾ."

"ಯಾವಾಗ?"

"ಟೇಸನ್ ಬ್ರಿಜ್ ಏರಾಗ. ಮನಿ ಮೆಟ್ಟಲ ಏರಾಗ. ದವಡಿತನಾ ಹಿಡದಂಗ ಆಗ್ತದ. ಕುಂತ್ರ ಹೋಗ್ತದ."

ಒಂದು ನಿಮಿಷವೂ ಆಗಿರಲಿಲ್ಲ. ಏರುವಾಗ ಬರುತ್ತದೆ, ಕೂತರೆ ಹೋಗುತ್ತದೆ. ಇದು ಹೊಟ್ಟೆಯ ಮಾತಲ್ಲ, ಹೃದಯದ ಮಾತು. 1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್ ಅನ್ನುವ ಡಾಕ್ಟರು ಇದೇ ಕಾಯಿಲೆಯನ್ನು ಇದೇ ರೀತಿ ವಿವರಿಸಿದ್ದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟ ಆದ ಮೇಲೆ ಬರುತ್ತದೆ, ನಿಂತರೆ ಹೋಗುತ್ತದೆ ಅಂತ. ಅವನ ಹತ್ತಿರ ಇಸಿಜಿ ಇರಲಿಲ್ಲ. ಸ್ಟೆತೋಸ್ಕೋಪು ಕೂಡ ಇರಲಿಲ್ಲ, ಅದು ಬಂದದ್ದು 1816ರಲ್ಲಿ. ರೋಗಿಗಳ ಮಾತನ್ನು ಕೇಳಿಯೇ ಕಾಯಿಲೆಗೆ ಆಂಜೈನಾ ಅಂತ ಹೆಸರಿಟ್ಟ. ಆ ಲ್ಯಾಟಿನ್ ಪದಕ್ಕೆ ಹಿಸುಕುವುದು, ಉಸಿರು ಕಟ್ಟಿಸುವುದು ಅಂತ ಅರ್ಥ. ನಮ್ಮ ಸಂಕಟ ಅನ್ನುವ ಪದದ ಹಳೆಯ ಅರ್ಥವೂ ಇಕ್ಕಟ್ಟು ಅಂತಲೇ. ಆ ತಾಯಿ ಐದು ತಿಂಗಳಿಂದ ಸರಿಯಾದ ಪದವನ್ನೇ ಹೇಳುತ್ತಿದ್ದರು. ಅದು ಮಗನ ಬಾಯಿಂದ ಹಿಂದಿಗೆ ಹೋಗುವಷ್ಟರಲ್ಲಿ ಗ್ಯಾಸ್ ಆಗಿತ್ತು.

ನನ್ನ ಕ್ಲಿನಿಕ್ಕಿನಲ್ಲಿ ತೆಗೆದ ಇಸಿಜಿ ನಾರ್ಮಲ್ ಬಂತು. ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿ ಎಷ್ಟೋ ಸಲ ಹಾಗೇ ಬರುತ್ತದೆ. ನಾನು ಆ ತಾಯಿಯ ಮಾತನ್ನು ನಂಬಿದೆ. ಮಾತ್ರೆ ಶುರು ಮಾಡಿ, ಅವತ್ತೇ ಹೃದಯದ ಡಾಕ್ಟರ ಹತ್ತಿರ ಕಳಿಸಿದೆ. ನಿನ್ನೆ ಆಂಜಿಯೋಗ್ರಫಿ ಆಯ್ತು, ಅಂದರೆ ಹೃದಯದ ರಕ್ತನಾಳಗಳ ಎಕ್ಸ್-ರೇ ಪರೀಕ್ಷೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಶೇಕಡಾ 90ರಷ್ಟು ಮುಚ್ಚಿತ್ತು. ನಾಳ ತೆರೆದಿಡಲು ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಹಾಕಿದ್ದಾರೆ. ಈಗ ಆರಾಮಾಗಿದ್ದಾರೆ.

ಆದರೂ ಸಿಟ್ಟು ಇಳಿದಿಲ್ಲ. ಐದು ತಿಂಗಳು! ಆ ಬ್ರಿಜ್ಜಿನ ಮೇಲೆ ಯಾವತ್ತು ಬೇಕಾದರೂ ಏನಾದರೂ ಆಗಬಹುದಿತ್ತು.

ಮೊದಲು ನೋಡಿದವರು ಎದೆನೋವಿನ ಬಗ್ಗೆ ಕೇಳಿರಲಿಲ್ಲ ಅಂತಲ್ಲ. ಒಬ್ಬರು "ಸೀನೇ ಮೇ ದರ್ದ್ ಹೈ?" ಅಂತ ಕೇಳಿದ್ದರಂತೆ. ಇವರು ಇಲ್ಲ ಅಂದಿದ್ದಾರೆ. ನಿಜವೇ ಹೇಳಿದ್ದಾರೆ! ಅದು ನೋವಲ್ಲ, ಸಂಕಟ. ಶುಗರ್ ಇದ್ದವರಲ್ಲಿ, ಹೆಂಗಸರಲ್ಲಿ ಇದು ಎಷ್ಟೋ ಸಲ ನೋವಾಗಿ ಬರುವುದೇ ಇಲ್ಲ. ಹಿಡಿದಂಗೆ, ದಣಿವು, ದಮ್ಮು, ಹೀಗೆ ಬರುತ್ತದೆ.

ಇದೊಂದೇ ಅಲ್ಲ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುವುದು ಬೇರೆ, ಮಗ್ಗಲು ಬದಲಿಸಿದಾಗ ಕೋಣೆಯೇ ಗಿರ್ ಅಂತ ತಿರುಗುವುದು ಬೇರೆ. ಮೊದಲನೆಯದು ಬಂದರೆ ಬಿಪಿ ಮಾತ್ರೆ ಜಾಸ್ತಿ ಆಗಿದೆಯಾ ನೋಡಬೇಕು. ಎರಡನೆಯದು ಬಂದರೆ ಒಳಕಿವಿಯನ್ನು ನೋಡಬೇಕು. ಎರಡೂ ಹಿಂದಿಗೆ ಬಂದಾಗ ಚಕ್ಕರ್ ಆಗುತ್ತವೆ. ಇಬ್ಬರಿಗೂ ಒಂದೇ ಮಾತ್ರೆ ಸಿಗುತ್ತದೆ.

ಡಾಕ್ಟರ್ ಗೆಳೆಯರು ಹೇಳುವುದು ಗೊತ್ತು. ಓಪಿಡಿಯಲ್ಲಿ ನೂರು ಜನ ನಿಂತಿರುತ್ತಾರೆ, ಮುಂಬೈಯಲ್ಲಿ ಹತ್ತು ಭಾಷೆ, ಎಲ್ಲರಿಗೂ ಕನ್ನಡ ಎಲ್ಲಿಂದ ಬರಬೇಕು ಅಂತ. ಒಪ್ಪುತ್ತೇನೆ, ನಾನೂ ಅದೇ ಗದ್ದಲದಲ್ಲಿ ಎಂಡಿ ಮಾಡಿದವನು. ಆದರೆ "ಅಮ್ಮ ಯಾವ ಪದ ಹೇಳಿದರೋ ಅದನ್ನೇ ಹೇಳು, ಯಾವಾಗ ಆಗುತ್ತೆ ಕೇಳು" ಅಂತ ಮಗನಿಗೆ ಹೇಳೋದಕ್ಕೆ ಕನ್ನಡ ಬೇಡ. ಹತ್ತು ಸೆಕೆಂಡು ಸಾಕು. ಎಂಡೋಸ್ಕೋಪಿಗೆ ಅರ್ಧ ದಿನ ಹೋಗಿತ್ತಲ್ಲ? 1975ರಲ್ಲಿ ಇಂಗ್ಲೆಂಡಿನಲ್ಲಿ 80 ಹೊಸ ರೋಗಿಗಳ ಮೇಲೆ ಒಂದು ಅಧ್ಯಯನ ಆಗಿತ್ತು. ಅದರಲ್ಲಿ 66 ಜನರ ಕಾಯಿಲೆ ಕೊನೆಗೂ ಏನಂತ ತಿಳಿಯಿತೋ, ಅದು ಅವರ ಮಾತಿನಿಂದಲೇ ಮೊದಲೇ ಗೊತ್ತಾಗಿತ್ತು. ಇದನ್ನು ನಾವೆಲ್ಲ ಓದಿಯೇ ಪಾಸಾದವರು.

ಮಕ್ಕಳಿಗೂ ಹೇಳಬೇಕು. ಆ ಹುಡುಗ ಕೆಟ್ಟವನಲ್ಲ. ರಜೆ ಹಾಕಿ, ಸಾಲ ಮಾಡಿ ಅವ್ವನನ್ನು ಸುತ್ತಿಸಿದ್ದಾನೆ. ಆದರೆ ಅವಳ ಮಾತನ್ನು ತಾನೇ ಆಡುತ್ತಿದ್ದ.

ಅವನ ಮೇಲೆ ಸಿಟ್ಟಾಗಲು ನನಗೆ ಬಾಯಿಲ್ಲ. ಧಾರವಾಡದಿಂದ ನಮ್ಮವ್ವ ಫೋನಿನಲ್ಲಿ ಎರಡು ತಿಂಗಳು ಹೇಳಿದ್ದಳು. "ಬಾಯಿ ಒಣಗತೈತಿ, ರಾತ್ರಿ ನಾಕು ಸಲ ಏಳತೀನಿ." ನಾನು ಬ್ಯಾಸಿಗಿ ಐತಿ ನೀರು ಕುಡಿ ಅಂದಿದ್ದೆ. ಎಂಡಿ ಆಗಿ ಆರು ವರ್ಷವಾಗಿತ್ತು. ಕಾಲಿನ ಗಾಯ ಮಾಯದೆ ಅಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಶುಗರ್ 412. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಬೇರೆ ಯಾರ ಅವ್ವ ಬಂದು ಹೀಗೆ ಹೇಳಿದ್ದರೂ ನಾನು ಆ ನಿಮಿಷವೇ ರಕ್ತ ತೆಗೆಸುತ್ತಿದ್ದೆ.

ನಿಮ್ಮ ಹತ್ತಿರ ಒಂದು ಕೆಲಸ ಇದೆ. ನಿಮ್ಮ ಮನೆಯ ಹಿರಿಯರು ಮೈಗೆ ಹುಷಾರಿಲ್ಲದಾಗ ಯಾವ ಪದ ಬಳಸುತ್ತಾರೆ, ಕೆಳಗೆ ಬರೆಯಿರಿ. ಬೀದರ್, ವಿಜಯಪುರ, ಕಾರವಾರ, ಉಡುಪಿ, ಎಲ್ಲಿಯದಾದರೂ ಸರಿ. ಜೀವ ಹಾರಿದಂಗ, ಜೋಮು, ಕೈಕಾಲು ಹರದಂಗ, ಇಂಥವು. ಒಂದೊಂದಕ್ಕೂ ಮರಾಠಿ ಮತ್ತು ಹಿಂದಿಯಲ್ಲಿ ಅರ್ಥ ಬರೆದು, ಇಲ್ಲಿನ ಓಪಿಡಿಗಳಲ್ಲಿ ಕೂರುವ ಹುಡುಗ ಡಾಕ್ಟರಿಗೆ ಕೊಡುತ್ತೇನೆ. ಮೊದಲನೇ ಪದ ಸಂಕಟ, ಅದನ್ನು ಇವತ್ತು ಬೆಳಿಗ್ಗೆಯೇ ಬರೆದಿಟ್ಟಿದ್ದೇನೆ.