ಹದಿನಾಲ್ಕು ಸ್ವರದ ಸಂಜೆ

"ಅಷ್ಟು ದೊಡ್ಡ ವಾದ್ಯ ಹೊತ್ಕೊಂಡು ಹೋಗಿ ಮೂಲೇಲಿ ಸುಮ್ನೆ ಕೂತು ಬಂದ್ಯಲ್ಲೋ!" ಅಂದರು ಚಿಕ್ಕಪ್ಪ. ಹಿತ್ತಾಳೆಯ ಆ ದೈತ್ಯ ಊದುವಾದ್ಯ ಟ್ಯೂಬಾವನ್ನು ಪೆಟ್ಟಿಗೆಗೆ ತುರುಕಿ, ಪೆಟ್ಟಿಗೆಯನ್ನು ಕಾರಿಗೆ ತುರುಕಿ, ಉಳಿದ ಜಾಗದಲ್ಲಿ ನನ್ನನ್ನೂ ಅವರನ್ನೂ ತುರುಕುತ್ತಿದ್ದ ಹೊತ್ತದು. ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೆ.

ಅವತ್ತು ಆರ್ಕೆಸ್ಟ್ರಾದಲ್ಲಿ ನುಡಿಸಿದ್ದು ಚೆಕ್ ಸಂಯೋಜಕ ಡ್ವೊರ್ಝಾಕ್‌ನ 'ನ್ಯೂ ವರ್ಲ್ಡ್' ಸಿಂಫನಿ. 1893ರ ಕೃತಿ, ನಲವತ್ತು ನಿಮಿಷ ದಾಟುತ್ತದೆ. ಅದರಲ್ಲಿ ಟ್ಯೂಬಾದ ಪಾಲಿಗೆ ಬಂದಿರುವುದು 14 ಸ್ವರ. ಅಷ್ಟೂ ಎರಡನೇ ಭಾಗದಲ್ಲಿ, ಅದೂ ಪಕ್ಕದ ಬಾಸ್ ಟ್ರೊಂಬೋನ್ ಎಂಬ ತಗ್ಗುದನಿಯ ಕೊಳವೆ ವಾದ್ಯ ನುಡಿಸುವ ಸ್ವರಗಳೇ. ಮೂರು ಮತ್ತು ನಾಲ್ಕನೇ ಭಾಗ ಪೂರ್ತಿ ನಾನು ಟಿಕೆಟ್ ಕೊಳ್ಳದ ಪ್ರೇಕ್ಷಕ. ವ್ಯತ್ಯಾಸ ಇಷ್ಟೇ: ಪ್ರೇಕ್ಷಕ ಆಕಳಿಸಬಹುದು.

ನಾನು ಊದುವ ಇನ್ನೊಂದು ಮೇಳ ಬ್ರಾಸ್ ಬ್ಯಾಂಡ್, ಅಂದರೆ ಹಿತ್ತಾಳೆ ಊದುವಾದ್ಯಗಳದು. ಅಲ್ಲಿ ಆಕಳಿಸಲು ಬಾಯಿಗೆ ಪುರಸೊತ್ತೇ ಇಲ್ಲ. ಇಂಗ್ಲೆಂಡಿನ ಗಣಿ, ಗಿರಣಿ ಊರುಗಳಲ್ಲಿ ಬೆಳೆದ ಈ ಮೇಳದಲ್ಲಿ ಊದುವವರೇ ಸುಮಾರು 25 ಜನ; ಪಿಟೀಲಿನ ಹಂಗಿಲ್ಲ. ಟ್ಯೂಬಾಗಳು ನಾಲ್ಕು, ಅಲ್ಲಿ ಅವಕ್ಕೆ 'ಬಾಸ್' ಅಂತಲೇ ಹೆಸರು. ಹಾಳೆ ಇರುವೆ ಮುತ್ತಿದ ಹಾಗೆ ಕಪ್ಪಗಿರುತ್ತದೆ. ನೀನು ಇಲ್ಲಿ ಉಸಿರು ತಗೋ, ನಾನು ಮುಂದಿನ ಗೆರೆಯಲ್ಲಿ ತಗೋತೀನಿ ಎಂದು ಪಕ್ಕದವರ ಜೊತೆ ಒಪ್ಪಂದ ಆಗಬೇಕು. ಮುಗಿಯುವ ಹೊತ್ತಿಗೆ ತುಟಿ ಯಾರದೋ ಅನ್ನಿಸುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಹೇಳುತ್ತೇನೆ. ಅದಕ್ಕೆ ಮೊದಲು ಎಣಿಸುವ ಕಷ್ಟ ಹೇಳಿಬಿಡಬೇಕು.

ಆರ್ಕೆಸ್ಟ್ರಾದಲ್ಲಿ ನನ್ನ ಕಸುಬು ಊದುವುದಲ್ಲ, ಎಣಿಸುವುದು. ಹಾಳೆಯಲ್ಲಿ ಒಂದು ದಪ್ಪ ಗೆರೆ, ಅದರ ಮೇಲೆ ಒಂದು ಸಂಖ್ಯೆ. 94 ಎಂದಿದ್ದರೆ ಅಷ್ಟು ಬಾರ್, ಅಂದರೆ ಅಷ್ಟು ಸುತ್ತು ತಾಳ, ಬಾಯಿ ಮುಚ್ಚಿಕೊಂಡಿರಬೇಕು. ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು ಎಂದು ತೊಡೆಯ ಮೇಲೆ ಬೆರಳು ಮಡಿಸುತ್ತಾ ಹೋಗುತ್ತೇನೆ. ಮೂವತ್ತರವರೆಗೆ ನಾನು ಋಷಿ. ನಲವತ್ತರ ಹತ್ತಿರ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ ಮೆಲ್ಲಗೆ ಬಂದು ಕೂರುತ್ತದೆ. ಹಾಕಿದೆ ಎಂದು ಸಮಾಧಾನವಾಗುವಷ್ಟರಲ್ಲಿ ಅರವತ್ತೋ, ಎಪ್ಪತ್ತೋ?

ಒಮ್ಮೆ ಹೀಗೇ ತಪ್ಪಿತು. ಗಾಬರಿಯಾಗಲಿಲ್ಲ, ಪಕ್ಕದಲ್ಲಿ ಮೂವರು ಟ್ರೊಂಬೋನಿನವರಿದ್ದರು. ಮೂರನೆಯವನು ಕೊಳವೆ ಬಾಯಿಗೆ ಏರಿಸಿದಾಗ ನಾನೂ ಏರಿಸಿದರಾಯಿತು. ಅವನು ಎರಡನೆಯವನನ್ನು ನೋಡುತ್ತಿದ್ದ. ಎರಡನೆಯವನು ಮೊದಲನೆಯವಳನ್ನು. ಅವಳು ಕಣ್ಣುಮುಚ್ಚಿ ತಲೆದೂಗುತ್ತಿದ್ದಳು. ಎಂಥ ಏಕಾಗ್ರತೆ ಎಂದುಕೊಂಡೆ. ಆರ್ಕೆಸ್ಟ್ರಾ ನಡೆಸುವ ನಿರ್ವಾಹಕರ ಎಡಗೈ ನಮ್ಮ ಕಡೆ ಎದ್ದಿತು, ಬೆರಳು ಬಿಚ್ಚಿಕೊಂಡಿತು. ಯಾರೂ ಊದಲಿಲ್ಲ. ಆ ಕೈ ಎರಡು ಬಾರ್‌ಗಳಷ್ಟು ಹೊತ್ತು ಗಾಳಿಯಲ್ಲಿ ಭಿಕ್ಷೆ ಬೇಡಿತು. ಆಮೇಲೆ ಅವಳು ಹೇಳಿದಳು: "ನೀನು ಬೆರಳು ಮಡಿಸ್ತಿದ್ದೆ, ಅದನ್ನ ನೋಡಿ ನಾನು ಎಣಿಸೋದೇ ಬಿಟ್ಟೆ."

ಇಷ್ಟಾದರೂ ತಾಲೀಮಿನಲ್ಲಿ ನಮಗೆ ಸಿಗುವ ಮಾತು ಒಂದೇ, "ಬ್ರಾಸ್, ಜೋರಾಯ್ತು." ಒಂದು ಗಂಟೆ ಪಿಟೀಲಿನವರ ಬಿಲ್ಲು ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಎಂಬ ಚರ್ಚೆ. ಆ ಗಂಟೆಯೆಲ್ಲ ಕೂತು, ತಣ್ಣಗಾದ ಲೋಹಕ್ಕೆ ಬಾಯಿ ಇಟ್ಟು ನಾಲ್ಕು ಸ್ವರ ಊದಿದರೆ ಜೋರಂತೆ. ಕೊಳವೆಯೊಳಗೆ ಸೇರಿದ ನೀರನ್ನು ನೆಲಕ್ಕೆ ಬಿಟ್ಟರೆ ಬಸೂನಿನವರು ನಾವೇನೋ ಅಸಭ್ಯ ಮಾಡಿದ ಹಾಗೆ ಕಾಲೆತ್ತಿಕೊಳ್ಳುತ್ತಾರೆ. ಬ್ಯಾಂಡಿನಲ್ಲಿ ಎಲ್ಲರ ಕಾಲಬುಡದಲ್ಲೂ ಅದೇ ಕೆರೆ, ಮರ್ಯಾದೆಯ ಪ್ರಶ್ನೆಯೇ ಇಲ್ಲ.

ಬ್ಯಾಂಡೇನು ಸ್ವರ್ಗವಲ್ಲ. ಅಲ್ಲಿ ಸ್ಪರ್ಧೆಯ ಹುಚ್ಚು. ಕಾಲು ಗಂಟೆಯ ಒಂದು ಕೃತಿಯನ್ನು ತಿಂಗಳುಗಟ್ಟಲೆ ತಿಕ್ಕುತ್ತಾರೆ. ತೀರ್ಪುಗಾರರನ್ನು ಯಾವ ಬ್ಯಾಂಡು ಎಂದು ಕಾಣದ ಹಾಗೆ ಮರೆಯಲ್ಲಿ ಕೂರಿಸುತ್ತಾರೆ. ಸೋತವರೆಲ್ಲ ಆ ಮರೆಯೊಳಗಿನವರಿಗೆ ಕಿವಿಯೂ ಇರಲಿಲ್ಲ ಎಂದು ಸಾಧಿಸುತ್ತಾರೆ. ನಾನೂ ಸಾಧಿಸಿದ್ದೇನೆ. ಜೊತೆಗೆ ಹಾಳೆಯ ಕಾಟ: ಬ್ಯಾಂಡಿನಲ್ಲಿ ನನಗೂ ಎತ್ತರದ ಸ್ವರಗಳ ಬರವಣಿಗೆಯಾದ ಟ್ರೆಬಲ್ ಕ್ಲೆಫ್, ಆರ್ಕೆಸ್ಟ್ರಾದಲ್ಲಿ ತಗ್ಗಿನ ಸ್ವರಗಳ ಬಾಸ್ ಕ್ಲೆಫ್. ಅದೇ ಬೆರಳು, ಬೇರೆ ಲಿಪಿ. ಬುಧವಾರದ ಬ್ಯಾಂಡಿನ ತಲೆಯನ್ನು ಶುಕ್ರವಾರ ಆರ್ಕೆಸ್ಟ್ರಾಗೆ ಹೊತ್ತುಹೋದರೆ ಕಥೆ ಮುಗಿಯಿತು.

ಚಿಕ್ಕಪ್ಪನ ಮಾತು ಮಾತ್ರ ಚುಚ್ಚುತ್ತಲೇ ಇತ್ತು. ಮುಂದಿನ ತಿಂಗಳು ಬ್ಯಾಂಡಿನ ಕಾರ್ಯಕ್ರಮಕ್ಕೆ ಹಟ ಹಿಡಿದು ಕರೆದುಕೊಂಡು ಹೋದೆ. ಒಂದೂವರೆ ಗಂಟೆ ಪುಪ್ಪುಸ ಹರಿಯುವ ಹಾಗೆ ಊದಿದೆ. ಹೊರಗೆ ಬಂದಾಗ ಬೆವರೊರೆಸಿಕೊಳ್ಳುತ್ತಾ, "ಹೇಗಿತ್ತು?" ಅಂದೆ.

"ಭರ್ಜರಿ," ಅಂದರು. "ಆದ್ರೆ ನಾಲ್ಕು ಜನರಲ್ಲಿ ನಿನ್ನ ಸದ್ದು ಯಾವುದೂಂತ ಗೊತ್ತಾಗ್ಲಿಲ್ಲ ಕಣೋ. ಆವತ್ತು ನಿಂದೇ ಒಂದು ಇತ್ತಲ್ಲ, ಮೆತ್ತಗೆ ಬಂತಲ್ಲ, ಶುರುವಲ್ಲಿ. ಅದನ್ನ ಮತ್ತೆ ಯಾವಾಗ ನುಡಿಸ್ತೀಯ?"

ಅದರಲ್ಲಿ ಅರ್ಧ ಬಾಸ್ ಟ್ರೊಂಬೋನಿನವನದು ಎಂದು ನಾನು ಹೇಳಲಿಲ್ಲ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿಯಿರಿ ಅಂದೆ.